ಮಲೆನಾಡಿನ ತೋಟದ ಕೋವಿ: ದೋಷ ಗುರುತಿಸಿ ಎಣ್ಣೆ ಆರಿಸುವುದು

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ತೋಟದ ಮನೆಗಳ ಲೈಸೆನ್ಸ್ ಕೋವಿಗಳು ಈಡು ಹೊಡೆದು ಸವೆಯುವುದು ಕಡಿಮೆ. ವರ್ಷಕ್ಕೆ ಬೆರಳೆಣಿಕೆಯಷ್ಟು ತೋಟಾ ಕಾಣುವ ಕೋವಿ ಸವೆಯುವುದಾದರೂ ಹೇಗೆ? ಅವು ಹಾಳಾಗುವುದು ಬೀರುವಿನಲ್ಲಿ ನಿಂತಲ್ಲೇ. ಗಾಳಿಯ ತೇವ, ತೊಳೆಯದೆ ಉಳಿದ ಉಪ್ಪು, ತಪ್ಪು ಎಣ್ಣೆ, ಈ ಮೂರು ಸೇರಿದರೆ ಅಜ್ಜನ ಕಾಲದ ಒಳ್ಳೆಯ ಜೋಡಿ ನಳಿಗೆಯೂ ಕೆಲವೇ ಮಳೆಗಾಲದಲ್ಲಿ ಕೆಡುತ್ತದೆ.

ತೇವ ನಮ್ಮ ಕೈಯಲ್ಲಿಲ್ಲ. ಎಣ್ಣೆ ನಮ್ಮ ಕೈಯಲ್ಲೇ ಇದೆ. ಆದರೂ ಜಾಸ್ತಿ ಜನ ಏನೇ ತೊಂದರೆ ಬಂದರೂ ಒಂದೇ ಡಬ್ಬಿ ತೆಗೆದು ಎಲ್ಲ ಕಡೆ ಸುರಿಯುತ್ತಾರೆ. ಕೋವಿಗೆ ಬೇಕಾಗುವ ಕೆಲಸ ಮೂರು: ಕೊಳೆ ತೆಗೆಯುವುದು, ಉಜ್ಜುವ ಭಾಗ ಜಾರುವಂತೆ ಮಾಡುವುದು, ತುಕ್ಕು ತಡೆಯುವುದು. ಕೊಳೆ ತೆಗೆಯುವ ದ್ರವ ತುಕ್ಕು ತಡೆಯುವುದಿಲ್ಲ. ತುಕ್ಕು ತಡೆಯುವ ದಪ್ಪ ಗ್ರೀಸು ಒಳಗಿನ ಸ್ಪ್ರಿಂಗಿಗೆ ಆಗುವುದಿಲ್ಲ. ಹಾಗಾಗಿ ಮೊದಲು ದೋಷ ಯಾವುದೆಂದು ನೋಡಬೇಕು, ಡಬ್ಬಿ ಆಮೇಲೆ.

ನಾನು ಇಲ್ಲಿ ಬರೆಯುತ್ತಿರುವುದು ನಮ್ಮಲ್ಲಿ ಜಾಸ್ತಿ ಇರುವ 12 ಬೋರಿನ ಮಡಚುವ ಕೋವಿಗಳ ಬಗ್ಗೆ, ಅಂದರೆ ಕೀಲಿನಲ್ಲಿ ನಳಿಗೆ ಬಾಗಿಸಿ ಹಿಂದಿನಿಂದ ತೋಟಾ ತುಂಬುವವು. ನಳಿಗೆಯ ಬಾಯಿಂದ ಕರಿಮದ್ದು ತುಂಬಿ, ಹೊರಗಿನಿಂದ ಕೇಪು ಕೂರಿಸುವ ಕೇಪಿನ ಕೋವಿಯ ಮಾತೂ ನಡುವೆ ಬರುತ್ತದೆ.

ಶುರು ಮಾಡುವ ಮುನ್ನ

ಕೋವಿ ಮಡಚಿ, ಎರಡೂ ನಳಿಗೆ ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳಿಟ್ಟೂ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಇದು ಬರೀ ಅಪಘಾತದ ಭಯಕ್ಕಲ್ಲ, ತೋಟಾದ ತಳದಲ್ಲಿ ಮದ್ದಿಗೆ ಬೆಂಕಿ ಕೊಡುವ ಕೇಪಿಗೆ ಎಣ್ಣೆ ತಾಗಬಾರದು ಎಂಬ ಕಾರಣಕ್ಕೂ ಹೌದು. ಸೀಮೆಎಣ್ಣೆ, ಟರ್ಪೆಂಟೈನ್ ಹಿಡಿದು ಕೂರುವುದಾದರೆ ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಜಗುಲಿಯೇ ಒಳ್ಳೆಯ ಜಾಗ.

ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ನೋಡುವುದು ಮೊದಲ ಪರೀಕ್ಷೆ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಣಜ ಗೋಡೆಗೆ ಒರಗಿಸಿಟ್ಟ ಕೋವಿಯ ನಳಿಗೆಯನ್ನೂ ಬಿಡುವುದಿಲ್ಲ. ಒಣಗಿದ ಆ ಮಣ್ಣು ಒಳಗಿರುವಾಗ ಈಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಅದರಲ್ಲಿ ಕೈ ಕಳೆದುಕೊಳ್ಳಬಹುದು.

ಕುದುರೆ ಬಿತ್ತು, ಈಡು ಹಾರಲಿಲ್ಲ

ಇದು ಅತಿ ಹೆಚ್ಚು ಕೇಳಿಬರುವ ದೂರು. ಟ್ರಿಗರ್ ಎಳೆದಾಗ ಕುದುರೆ, ಅಂದರೆ ಪಿನ್ನನ್ನು ಬಡಿಯುವ ಸುತ್ತಿಗೆ, ಬಿದ್ದು ಟಕ್ ಎಂದು ಸುಮ್ಮನಾದರೆ ಕೋವಿಯನ್ನು ತಕ್ಷಣ ಮಡಚಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಯಾರೂ ಇಲ್ಲದ ಕಡೆಗೆ ಮುಖ ಮಾಡಿ ಒಂದು ನಿಮಿಷ ಹಾಗೇ ಹಿಡಿದು, ಆಮೇಲೆ ತೋಟಾ ತೆಗೆಯಿರಿ. ತೆಗೆದ ತೋಟಾವನ್ನು ಎಸೆಯಬೇಡಿ. ಅದರ ಕೇಪಿನ ಮೇಲಿನ ಗುಳಿಯೇ ನಿಮಗೆ ಉತ್ತರ ಹೇಳುತ್ತದೆ.

ಗುಳಿ ಆಳವಾಗಿ, ನಡುವಿನಲ್ಲೇ ಇದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ತೇವ ಹಿಡಿದಿರಬಹುದು, ಇಲ್ಲವೇ ಕೇಪಿಗೆ ಎಣ್ಣೆ ಇಳಿದಿರಬಹುದು. ಎಣ್ಣೆ ಸುರಿದ ಕೋವಿಯಲ್ಲಿ ತಿಂಗಳುಗಟ್ಟಲೆ ತೋಟಾ ತುಂಬಿಟ್ಟರೆ ಹೀಗಾಗುತ್ತದೆ. ತುಂಬಿದ ಕೋವಿ ಮನೆಯಲ್ಲಿಡುವುದೇ ಅಪಾಯ ಅಲ್ವಾ, ಅದರ ಮೇಲೆ ಇದೊಂದು ನಷ್ಟ. ಬ್ರೀಚಿನ ಮುಖದಲ್ಲಿ, ಅಂದರೆ ಫೈರಿಂಗ್ ಪಿನ್ ಹೊರಬರುವ ತೂತಿನ ಸುತ್ತ, ಎಣ್ಣೆ ಮಿನುಗುತ್ತಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ಅಲ್ಲಿ ಎಣ್ಣೆಯ ನೆರಳೂ ಇರಬಾರದು. ತೆಳುವಾಗಿ ನುಗ್ಗುವ ಸ್ಪ್ರೇಗಳನ್ನಂತೂ ತೋಟಾ ಇರುವ ಕೋಣೆಯಲ್ಲೇ ಹೊಡೆಯಬೇಡಿ.

ಗುಳಿ ತೆಳುವಾಗಿದ್ದರೆ ಪಿನ್ ನಿಧಾನವಾಗಿ ಬಡಿದಿದೆ ಎಂದರ್ಥ. ಸ್ಪ್ರಿಂಗ್ ಸೋತಿತು ಎಂದು ಹೆದರಬೇಕಿಲ್ಲ. ಹತ್ತರಲ್ಲಿ ಹೆಚ್ಚಿನ ಸಲ ಅದು ಹಳೆಯ ಎಣ್ಣೆ ಅಂಟಾಗಿರುವುದು. ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ತೊಂದರೆ ಬೆಳಗಿನ ಚಳಿಯಲ್ಲಿ ಮಾತ್ರವೇ, ಅಥವಾ ಯಾವಾಗಲೂ ಇದೆಯೇ?

ಚಳಿಯಲ್ಲಿ ಮಾತ್ರ ಆದರೆ ಯಾರೋ ಕೊಬ್ಬರಿ ಎಣ್ಣೆ ಹಾಕಿದ್ದಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್–ಜನವರಿಯ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಪಾರ 15ರ ಆಸುಪಾಸಿಗೆ ಇಳಿಯುತ್ತದೆ. ಬಚ್ಚಲುಮನೆಯ ಬಾಟಲಿಯಲ್ಲಿ ಗಟ್ಟಿಯಾಗುವ ಅದೇ ಎಣ್ಣೆ ಕೋವಿಯ ಒಳಗೂ ಗಟ್ಟಿಯಾಗುತ್ತದೆ. ಮಧ್ಯಾಹ್ನ ಬಿಸಿಲಿಗೆ ಕರಗಿ ಕೋವಿ ಸರಿಯಾಗಿಬಿಡುತ್ತದೆ. ಹಾಗಾಗಿ ರಿಪೇರಿ ಅಂಗಡಿಗೆ ಒಯ್ದಾಗ ದೋಷ ಕಾಣುವುದೇ ಇಲ್ಲ. ಬಾಳ್ಳುಪೇಟೆ ಕಡೆಯ ಸ್ನೇಹಿತರೊಬ್ಬರು ಇದೇ ಕಾರಣಕ್ಕೆ ಹೊಸ ಸ್ಪ್ರಿಂಗ್ ಹಾಕಿಸಲು ಹೊರಟಿದ್ದರು. ಕೋವಿಯ ಕೀಲಿಗೆ ಮೂಗಿಟ್ಟಾಗ ಕೊಬ್ಬರಿ ವಾಸನೆ ಬಂತು, ಸ್ಪ್ರಿಂಗಿನ ಮಾತು ಅಲ್ಲಿಗೇ ನಿಂತಿತು.

ಯಾವಾಗಲೂ ನಿಧಾನ ಎಂದಾದರೆ ಅದು ಒಣಗಿ ಮೇಣವಾದ ಎಣ್ಣೆ. ಕಡಲೆಕಾಯಿ, ಸೂರ್ಯಕಾಂತಿ, ಹರಳೆಣ್ಣೆ, ಅಗಸೆ ಎಣ್ಣೆ, ಇವೆಲ್ಲ ಗಾಳಿ ತಾಗಿ ಕಾಲಕ್ರಮದಲ್ಲಿ ಅಂಟಾಗುತ್ತವೆ. ಅಗಸೆ ಎಣ್ಣೆಯಂತೂ ವಾರ್ನಿಶಿನಂತೆ ಗಟ್ಟಿಯಾಗುತ್ತದೆ. ಮರಕ್ಕೆ ಅದು ಒಳ್ಳೆಯದಾಗುವುದೇ ಆ ಗುಣದಿಂದ, ಕಬ್ಬಿಣದ ಕೀಲಿಗೆ ಕೆಟ್ಟದ್ದಾಗುವುದೂ ಅದರಿಂದಲೇ. ಅಡುಗೆಮನೆಯ ಯಾವ ಎಣ್ಣೆಯೂ ಕೋವಿಯ ಒಳಗೆ ಹೋಗಬಾರದು.

ಪರಿಹಾರ ಕಷ್ಟದ್ದಲ್ಲ. ನಳಿಗೆ ಬಿಚ್ಚಿಟ್ಟು, ಪಿನ್ ತೂತಿನಲ್ಲಿ ಒಂದೆರಡು ಹನಿ ಸೀಮೆಎಣ್ಣೆ ಬಿಡಿ. ರೇಷನ್ ಸೀಮೆಎಣ್ಣೆ ಈಗ ಸಿಗುವುದು ಕಷ್ಟ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಅದೇ ಕೆಲಸ ಮಾಡುತ್ತದೆ. ಹಿಡಿಯ ಮರ ಮೇಲಿರುವಂತೆ, ಕಬ್ಬಿಣ ಕೆಳಗಿರುವಂತೆ ಹಿಡಿದರೆ ಕೊಳೆ ಹೊರಗೆ ಇಳಿಯುತ್ತದೆ, ಮರಕ್ಕೆ ಹೋಗುವುದಿಲ್ಲ. ಕಂದು ಬಣ್ಣದ ನೀರು ಬರುವುದು ನಿಲ್ಲುವ ತನಕ ಹೀಗೆ ಮಾಡಿ, ಒರೆಸಿ, ಒಂದು ರಾತ್ರಿ ಆರಲು ಬಿಡಿ. ಕುದುರೆ ಬೀಳಿಸಿ ಪರೀಕ್ಷಿಸುವುದಾದರೆ ನಳಿಗೆ ಜೋಡಿಸಿ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿಯೇ ಬೀಳಿಸಿ. ಖಾಲಿ ಕೋವಿಯಲ್ಲಿ ಮತ್ತೆ ಮತ್ತೆ ಬಡಿದರೆ ಹಳೆಯ ಪಿನ್ ಮುರಿಯುತ್ತದೆ. ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ. ಎರಡು ಬೇಡ.

ಗುಳಿ ನಡುವಿನಲ್ಲಿಲ್ಲದೆ ಪಕ್ಕಕ್ಕೆ ಸರಿದಿದ್ದರೆ ಅದು ಎಣ್ಣೆಯ ತೊಂದರೆಯಲ್ಲ. ಕೋವಿ ರಿಪೇರಿಯವರಿಗೆ ಕೊಡಿ.

ತುಕ್ಕು: ಎಲ್ಲಿ ಬಂದಿದೆ ಎಂಬುದೇ ಕಾರಣ ಹೇಳುತ್ತದೆ

ತುಕ್ಕು ಕಂಡ ಕೂಡಲೇ ಎಣ್ಣೆ ಸಾಲಲಿಲ್ಲ ಎನ್ನುತ್ತೇವೆ. ಹೆಚ್ಚಿನ ಸಲ ಸಾಲದೆ ಇದ್ದದ್ದು ತೊಳೆಯುವ ಕೆಲಸ.

ನಳಿಗೆಯ ಹೊರಗೆ ಬೆರಳಿನ ಆಕಾರದಲ್ಲೇ ತುಕ್ಕು ಬಂದಿದ್ದರೆ ಅದು ಬೆವರಿನ ಉಪ್ಪು. ಬಂದವರಿಗೆ ಕೋವಿ ತೋರಿಸಿ ಹಾಗೇ ಬೀರುವಿಗೆ ಇಟ್ಟಿದ್ದೀರಿ. ಮುಟ್ಟಿದವರು ಯಾರೇ ಆಗಲಿ, ಇಡುವ ಮೊದಲು ಎಣ್ಣೆಬಟ್ಟೆಯಲ್ಲಿ ಒಂದು ಸಲ ಸವರಬೇಕು.

ಚುಕ್ಕೆ ಚುಕ್ಕೆಯಾಗಿ, ಸಾಲಾಗಿ ಬಂದಿದ್ದರೆ ಆಯುಧಪೂಜೆ ನೆನಪು ಮಾಡಿಕೊಳ್ಳಿ. ನಾವು ಕೋವಿಗೆ ಅರಿಶಿನ–ಕುಂಕುಮ ಹಚ್ಚುತ್ತೇವೆ, ವಿಭೂತಿ ಎಳೆಯುತ್ತೇವೆ, ಹೂ ಏರಿಸುತ್ತೇವೆ, ಪಕ್ಕದಲ್ಲೇ ತೆಂಗಿನಕಾಯಿ ಒಡೆಯುತ್ತೇವೆ, ನಿಂಬೆಹಣ್ಣು ಕುಯ್ಯುತ್ತೇವೆ. ಮಳೆ ಪೂರ್ತಿ ಬಿಟ್ಟಿರದ ಕಾಲ ಅದು. ಒದ್ದೆ ಕುಂಕುಮದ ಅಡಿಯಲ್ಲಿ ನೀರು ಆರದೆ ಉಳಿಯುತ್ತದೆ, ನಿಂಬೆರಸದ ಹುಳಿ ನಳಿಗೆಯ ಕಪ್ಪು ಬಣ್ಣವನ್ನೇ ತಿನ್ನುತ್ತದೆ. ಪೂಜೆ ಮಾಡಿ, ಖಂಡಿತ ಮಾಡಿ. ಹಿಂದಿನ ದಿನ ನಳಿಗೆಗೆ ತೆಳುವಾಗಿ ಗ್ರೀಸು ಸವರಿ ಅದರ ಮೇಲೆ ಬೊಟ್ಟಿಡಿ. ಮಾರನೇ ಬೆಳಗ್ಗೆ ಎಲ್ಲವನ್ನೂ ಒರೆಸಿ ತೆಗೆಯಿರಿ. ದೀಪಾವಳಿ ತನಕ ಕುಂಕುಮ ಹಾಗೇ ಇರಲಿ ಎಂದು ಬಿಡುವುದು ಬೇಡ.

ಮರ ಮತ್ತು ಕಬ್ಬಿಣ ಕೂಡುವ ಗೆರೆಯಲ್ಲಿ ತುಕ್ಕು ಇದ್ದರೆ ಮಳೆಯಲ್ಲಿ ತೋಯ್ದ ಕೋವಿಯನ್ನು ಬಿಚ್ಚದೆ ಮೇಲೆ ಮೇಲೆ ಒರೆಸಿದ್ದೀರಿ. ಮುಂದಿನ ಮರದ ತುಂಡನ್ನು ತೆಗೆದರೆ ನೀರು ಇನ್ನೂ ಅಲ್ಲೇ ಇರುತ್ತದೆ. ಇಲ್ಲಿ ಡಬ್ಲ್ಯುಡಿ-40 ತರಹದ ಸ್ಪ್ರೇಗೆ ನಿಜವಾದ ಕೆಲಸವಿದೆ. ಅದನ್ನು 1953ರಲ್ಲಿ ಅಮೆರಿಕದಲ್ಲಿ ತಯಾರಿಸಿದ್ದೇ ಲೋಹದ ಮೇಲಿನ ನೀರನ್ನು ಸರಿಸಲು. ಬಿಚ್ಚಿ, ಹೊಡೆದು, ಒರೆಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಅದು ಬಹುಪಾಲು ಹಾರಿಹೋಗುವ ದ್ರವ, ಹಿಂದೆ ಉಳಿಯುವ ಪದರ ತೀರಾ ತೆಳು. ನಮ್ಮ ಮಳೆಗಾಲಕ್ಕೆ ಆ ಪದರ ಸಾಲದು. ಅದರ ಮೇಲೆ ನಿಜವಾದ ಎಣ್ಣೆ ಬರಬೇಕು. ವರ್ಷಗಟ್ಟಲೆ ಅದನ್ನೇ ಕೀಲಿನೊಳಗೆ ಹೊಡೆಯುತ್ತಾ ಬಂದರೆ ಉಳಿದ ಪದರಗಳೇ ಸೇರಿ ಅಂಟಾಗುತ್ತವೆ.

ಇನ್ನು ನಳಿಗೆಯ ಒಳಗಿನ ತುಕ್ಕು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕರಿಮದ್ದು ಉರಿದಾಗ ಹಿಂದೆ ಉಳಿಯುವ ಕೊಳೆಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಕೇಪುಗಳಲ್ಲಿ ಮತ್ತು ಹಳೆಯ ಕೆಲವು ತೋಟಾಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದು, ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಇದು ಅಡುಗೆ ಉಪ್ಪಿನ ಜಾತಿಯದ್ದೇ. ಎರಡೂ ಗಾಳಿಯ ತೇವ ಎಳೆದುಕೊಂಡು ನೀರಾಗುತ್ತವೆ. ಕ್ಲೋರೈಡು ನೀರಾಗಲು ಗಾಳಿಯ ತೇವಾಂಶ ಶೇಕಡ 84ರ ಹತ್ತಿರ ಇರಬೇಕು. ಕಾರ್ಬೊನೇಟಿಗೆ ಶೇಕಡ 43 ಸಾಕು. ಅಂದರೆ, ಅರಸೀಕೆರೆಯ ಬಯಲಿನ ಒಣ ಗಾಳಿಯಲ್ಲಿ ಕೇಪಿನ ಉಪ್ಪು ಎಷ್ಟೋ ದಿನ ಸುಮ್ನೆ ಕೂತಿರಬಹುದು. ಅದೇ ಕೋವಿ ಜುಲೈನಲ್ಲಿ ಸಕಲೇಶಪುರಕ್ಕೆ ಬಂದರೆ ರಾತ್ರಿ ಬೆಳಗಾಗುವುದರಲ್ಲಿ ಕೆಂಪು ಕಾಣುತ್ತದೆ. ಕರಿಮದ್ದಿನ ಕೊಳೆಗಂತೂ ಎರಡೂ ಊರು ಒಂದೇ. ಒಂದೇ ಜಿಲ್ಲೆಯ ಎರಡು ತಾಲ್ಲೂಕಿನವರು ಕೋವಿ ಆರೈಕೆ ಬಗ್ಗೆ ಬೇರೆ ಬೇರೆ ಮಾತು ಹೇಳುವುದು ಇದರಿಂದಲೇ ಎಂದು ನನಗನ್ನಿಸುತ್ತದೆ.

ಮುಖ್ಯ ಮಾತು ಇದು: ಈ ಉಪ್ಪುಗಳು ಎಣ್ಣೆಯಲ್ಲಿ ಕರಗುವುದಿಲ್ಲ. ಸೀಮೆಎಣ್ಣೆಯಲ್ಲೂ ಇಲ್ಲ, ದುಬಾರಿ ಗನ್ ಆಯಿಲಿನಲ್ಲೂ ಇಲ್ಲ. ಅವು ಕರಗುವುದು ನೀರಿನಲ್ಲಿ. ಉಪ್ಪಿನ ಮೇಲೆ ಎಣ್ಣೆ ಹಚ್ಚಿದರೆ ಉಪ್ಪನ್ನು ಮುಚ್ಚಿಟ್ಟಂತೆ ಆಯಿತು, ಅಡಿಯಲ್ಲಿ ತುಕ್ಕು ನಡೆಯುತ್ತಲೇ ಇರುತ್ತದೆ. ಹಾಗಾಗಿ ಕೇಪಿನ ಕೋವಿಯ ನಳಿಗೆಗೆ ಬಿಸಿನೀರೇ ಸರಿಯಾದ ಔಷಧಿ. ಸ್ವಲ್ಪ ಸೋಪು ಹಾಕಿದ ಬಿಸಿನೀರು, ಆಮೇಲೆ ಬರೀ ಕುದಿನೀರು. ಕುದಿನೀರಿಗೆ ನಳಿಗೆ ಕಾದು ತಾನೇ ಒಣಗುತ್ತದೆ. ಒಣಬಟ್ಟೆ ತಳ್ಳಿ, ಬಿಸಿ ಆರುವ ಮೊದಲೇ ಎಣ್ಣೆ ಹಚ್ಚಿ. ಕೇಪು ಕೂರುವ ಮೊಲೆಯನ್ನು ಬಿಚ್ಚಿ ಅದರ ತೂತನ್ನೂ ತೊಳೆಯಬೇಕು. ಕೇಪು ಸಿಡಿದರೂ ಮದ್ದು ಹೊತ್ತದೆ ಇರುವುದಕ್ಕೆ ಆ ತೂತು ಕಟ್ಟಿಕೊಂಡಿರುವುದೇ ಹೆಚ್ಚಿನ ಸಲ ಕಾರಣ.

ಕೋವಿಗೆ ನೀರು ಹಾಕುವುದೇ ಎಂದು ಹಿರಿಯರು ಗದರಬಹುದು. ಒಣಗಿಸದೆ ಬಿಟ್ಟರೆ ಅವರ ಮಾತು ನೂರಕ್ಕೆ ನೂರು ನಿಜ. ಒಣಗಿಸಿದರೆ ನೀರಿನಷ್ಟು ಒಳ್ಳೆಯ ಕ್ಲೀನರ್ ಇನ್ನೊಂದಿಲ್ಲ. ಜರ್ಮನಿಯ ಬ್ಯಾಲಿಸ್ಟಾಲ್ ಎಣ್ಣೆ ಸಿಕ್ಕರೆ ಅದನ್ನು ನೀರಿನ ಜೊತೆ ಬೆರೆಸಿಯೂ ಬಳಸಬಹುದು. ಹಾಲಿನಂತೆ ಬೆಳ್ಳಗಾಗುತ್ತದೆ, ನೀರು ಆರಿದ ಮೇಲೆ ಎಣ್ಣೆ ಉಳಿಯುತ್ತದೆ.

ಇಂದಿನ ಹೊಗೆರಹಿತ ಮದ್ದಿನ ತೋಟಾಗಳಿಗೆ ನೀರು ಬೇಕಿಲ್ಲ. ಅವುಗಳ ಕೊಳೆ ಬೇರೆ ತರಹದ್ದು.

ನಳಿಗೆಯೊಳಗೆ ಬೂದು ಗೆರೆ, ನೆರಳು

12 ಬೋರಿನ ನಳಿಗೆಯ ಒಳ ಅಳತೆ ಸುಮಾರು 18.5 ಮಿಲಿಮೀಟರ್. ಅದರಲ್ಲಿ ಸೀಸದ ಚರೆ, ಮದ್ದಿಗೂ ಚರೆಗೂ ನಡುವಿನ ಪ್ಲಾಸ್ಟಿಕ್ ವ್ಯಾಡು ಉಜ್ಜಿಕೊಂಡು ಹೋಗುತ್ತವೆ. ತೋಟಾ ಕೂರುವ ಚೇಂಬರಿನ ಮುಂದೆ ನಳಿಗೆ ಕಿರಿದಾಗುವಲ್ಲಿ ಮತ್ತು ತುದಿಯಲ್ಲಿ ಮತ್ತೆ ಕಿರಿದಾಗುವ ಚೋಕಿನಲ್ಲಿ ಸೀಸ ಹಿಡಿಯುತ್ತದೆ. ನೋಡಲು ತುಕ್ಕಿನ ಗುಂಡಿಯಂತೆಯೇ ಕಾಣುವುದರಿಂದ ಜನ ನಳಿಗೆ ಹೋಯಿತು ಎಂದು ಕೊರಗುತ್ತಾರೆ.

ಗುರುತಿಸುವುದು ಸುಲಭ. ಟರ್ಪೆಂಟೈನ್ ಅಥವಾ ಗನ್ ಸಾಲ್ವೆಂಟ್ ಒದ್ದೆ ಮಾಡಿದ ಬಟ್ಟೆ ಎಳೆದು ಕಾಲು ಗಂಟೆ ಬಿಡಿ. ಆಮೇಲೆ 12 ಬೋರಿನ ಕಂಚಿನ ಬ್ರಶ್ಶನ್ನು ಚೇಂಬರ್ ಕಡೆಯಿಂದ ತಳ್ಳಿ, ತುದಿಯಿಂದ ಪೂರ್ತಿ ಹೊರಗೆ ಬಂದ ಮೇಲೆಯೇ ವಾಪಸ್ ಎಳೆಯಿರಿ. ಬಿಳಿ ಬಟ್ಟೆಯಲ್ಲಿ ಬೂದು ಚಕ್ಕೆ ಬಂದರೆ ಸೀಸ, ಉದ್ದನೆಯ ಎಳೆ ಬಂದರೆ ಪ್ಲಾಸ್ಟಿಕ್. ಕಂದುಗೆಂಪು ಪುಡಿ ಬಂದರೆ ತುಕ್ಕು. ಏನೂ ಬಾರದೆ ನೆರಳು ಅಲ್ಲೇ ಉಳಿದರೆ ಅದು ಗುಂಡಿ. ಯಾವ ಎಣ್ಣೆಯೂ ಅದನ್ನು ತುಂಬುವುದಿಲ್ಲ. ನೆರಳು ಉಂಗುರದಂತೆ ಸುತ್ತಲೂ ಇದ್ದರೆ ನಳಿಗೆ ಉಬ್ಬಿದೆ. ಅಂಥ ಕೋವಿಯಲ್ಲಿ ಇನ್ನೊಂದು ಈಡು ಬೇಡವೇ ಬೇಡ.

ಉಕ್ಕಿನ ಬ್ರಶ್ಶು, ಪೈಪು ಉಜ್ಜುವ ಬ್ರಶ್ಶು, ಮರಳು ಕಾಗದ ಯಾವುದೂ ಒಳಗೆ ಹೋಗಬಾರದು. ಅಮೋನಿಯಾ ಜಾಸ್ತಿ ಇರುವ, ತಾಮ್ರ ಕರಗಿಸುವ ಸಾಲ್ವೆಂಟ್ ರೈಫಲ್‌ನವರಿಗೆ. ನಮ್ಮ ಚರೆ ಸೀಸದ್ದು, ಅದರಿಂದ ಉಪಯೋಗವಿಲ್ಲ, ಮೇಲಾಗಿ ಕಂಚಿನ ಬ್ರಶ್ಶನ್ನೇ ತಿಂದುಹಾಕುತ್ತದೆ.

ಮಡಚಲು ಬಿಗಿ, ಖಾಲಿ ತೋಟಾ ಹೊರಗೆ ಬಾರದು

ಮಡಚುವ ಕೀಲಿಗೆ ತೆಳು ಎಣ್ಣೆ ಸಾಲದು. ಒತ್ತಡ ಬೀಳುವ ಜಾಗ ಅದು. ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ, ಕಬ್ಬಿಣ ಕಬ್ಬಿಣವನ್ನೇ ಕೆರೆಯುತ್ತದೆ. ಕೀಲಿನ ಮೇಲೆ ಬೆಳ್ಳಗೆ ಹೊಳೆಯುವ ಗೀರು ಕಂಡರೆ ಒಣಗಿದೆ ಎಂದರ್ಥ. ಅಲ್ಲಿಗೆ ಲಿಥಿಯಂ ಗ್ರೀಸು ಅಕ್ಕಿಕಾಳಿನಷ್ಟು ಸಾಕು. ಆಟೋಮೊಬೈಲ್ ಅಂಗಡಿಯ ಸಾಧಾರಣ ಡಬ್ಬಿಯೇ ಆಗುತ್ತದೆ. ಗ್ರೀಸು ಕಪ್ಪಾಗಿ ಮರಳು ಮರಳಾಗಿದ್ದರೆ ಅದರ ಮೇಲೆ ಹೊಸದು ಹಾಕಬೇಡಿ, ಹಳೆಯದನ್ನು ಟರ್ಪೆಂಟೈನಿನಲ್ಲಿ ಒರೆಸಿ ತೆಗೆದು ಹಾಕಿ. ಧೂಳು ಬೆರೆತ ಗ್ರೀಸು ಕೀಲನ್ನು ಅರದಂತೆ ತಿನ್ನುತ್ತದೆ.

ತೋಟಾ ಸಿಕ್ಕಿಕೊಳ್ಳುವುದಕ್ಕೆ ಚೇಂಬರಿನ ತುಕ್ಕು ಅಥವಾ ಅಂಟಿದ ಪ್ಲಾಸ್ಟಿಕ್ ಕಾರಣ. ಇಲ್ಲಿ ಜಾರಲಿ ಎಂದು ಎಣ್ಣೆ ಹಚ್ಚುವವರಿದ್ದಾರೆ. ಬೇಡ. ಈಡು ಹಾರುವಾಗ ತೋಟಾದ ಗೋಡೆ ಚೇಂಬರಿಗೆ ಕಚ್ಚಿಕೊಳ್ಳಬೇಕು. ಎಣ್ಣೆ ಇದ್ದರೆ ಆ ಹಿಡಿತ ತಪ್ಪಿ ಪೂರ್ತಿ ಹೊಡೆತ ಬ್ರೀಚಿಗೆ ಬೀಳುತ್ತದೆ. ಚೇಂಬರು, ನಳಿಗೆ ಎರಡೂ ಈಡು ಹೊಡೆಯುವಾಗ ಒಣಗಿರಬೇಕು. ಇಟ್ಟಿರುವಾಗ ಎಣ್ಣೆ, ಹೊರಗೆ ಒಯ್ಯುವಾಗ ಒಣಬಟ್ಟೆ.

ಹಳೆಯ ಇಂಗ್ಲಿಷ್ ಕೋವಿ ಇರುವವರು ಇನ್ನೊಂದನ್ನೂ ನೋಡಿಕೊಳ್ಳಿ. ಕೆಲವುಗಳ ಚೇಂಬರು 65 ಮಿಲಿಮೀಟರಿನದು. ಅದಕ್ಕೆ 70 ಮಿಲಿಮೀಟರಿನ ತೋಟಾ ಕೂರುತ್ತದೆ, ಆದರೆ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಬಿಗಿಯಾಗುತ್ತಿರುವುದಕ್ಕೆ ಅದೇ ಕಾರಣವಾಗಿದ್ದರೆ ಕ್ಲೀನರ್ ಏನೂ ಮಾಡಲಾರದು.

ಬಟ್ಟಿನ ಮರ ಕಪ್ಪಾಗಿ ಮೆತ್ತಗಾಗಿದೆ

ಕಬ್ಬಿಣ ಕೂಡುವಲ್ಲಿ ಮರ ಕಪ್ಪಾಗಿ, ಉಗುರು ಒತ್ತಿದರೆ ಗುರುತು ಬೀಳುವಂತಾಗಿದ್ದರೆ ವರ್ಷಗಳ ಎಣ್ಣೆ ಮರಕ್ಕೆ ಇಳಿದಿದೆ. ಕೋವಿಯನ್ನು ನಳಿಗೆ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿಯುವುದು ಮರಕ್ಕೇ. ಎಣ್ಣೆ ಹಚ್ಚಿದ ಮೇಲೆ ಕೆಲವು ದಿನ ನಳಿಗೆಯ ಬಾಯಿ ಕೆಳಗೆ ಮಾಡಿ, ಅಡಿಗೆ ಬಟ್ಟೆ ಕೊಟ್ಟು ನಿಲ್ಲಿಸಿ. ಇಳಿದ ಎಣ್ಣೆಯನ್ನು ಸೀಮೆಸುಣ್ಣದ ಪುಡಿ ಮೆತ್ತಿ ಎಳೆದು ತೆಗೆಯಬಹುದು. ಪುಡಿ ಕಂದಾದಾಗ ಉದುರಿಸಿ ಹೊಸದು ಮೆತ್ತಬೇಕು. ತಾಳ್ಮೆಯ ಕೆಲಸ. ಪೆಟ್ರೋಲು, ಥಿನ್ನರ್, ಬ್ರೇಕ್ ಕ್ಲೀನರ್ ಮರದ ಪಾಲಿಶನ್ನೇ ಎಬ್ಬಿಸುತ್ತವೆ, ಅವನ್ನು ಮರದ ಹತ್ತಿರ ತರಬೇಡಿ.

ಯಾವ ಡಬ್ಬಿ ಕೊಳ್ಳುವುದು

ನನ್ನನ್ನು ಕೇಳಿದರೆ ನಾಲ್ಕು ಸಾಕು. ಕೊಳೆಗೆ ಮಿನರಲ್ ಟರ್ಪೆಂಟೈನ್. ಒಳಗಿನ ಸಣ್ಣ ಭಾಗಗಳಿಗೆ ಹೊಲಿಗೆ ಯಂತ್ರದ ಎಣ್ಣೆ. ಕೀಲಿಗೆ ಲಿಥಿಯಂ ಗ್ರೀಸು. ಮರಕ್ಕೆ ಕಾಯಿಸಿದ ಅಗಸೆ ಎಣ್ಣೆ, ವರ್ಷಕ್ಕೊಮ್ಮೆ, ಅಂಗೈಯಲ್ಲಿ ತಿಕ್ಕುವಷ್ಟು ಮಾತ್ರ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಕಾವು ಏರಿ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ನಳಿಗೆಯ ತುಕ್ಕು ತಡೆಯಲು ಹೊಲಿಗೆ ಯಂತ್ರದ ಎಣ್ಣೆ ಬೇಸಿಗೆಗೆ ಸಾಕು, ಮಳೆಗಾಲಕ್ಕೆ ತೆಳುವಾಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದೇ ಗ್ರೀಸನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ, ಇಲ್ಲವೇ ಪೆಟ್ರೋಲಿಯಂ ಜೆಲ್ಲಿ. ಬೈಕಿನ ಹೊಸ ಎಂಜಿನ್ ಆಯಿಲ್ ಕೂಡ ಪರವಾಗಿಲ್ಲ. ಆದರೆ ಗಾಡಿಯಿಂದ ಇಳಿಸಿದ ಕಪ್ಪು ಎಣ್ಣೆ ಬೇಡ, ಅದರಲ್ಲಿ ಆಮ್ಲ, ಮಸಿ, ಲೋಹದ ಪುಡಿ ಎಲ್ಲ ಇರುತ್ತದೆ. ತೊಳೆದು, ಜಾರಿಸಿ, ಕಾಪಾಡುತ್ತದೆ ಎಂಬ ಮೂರೂ ಒಂದರಲ್ಲೇ ಇರುವ ಗನ್ ಆಯಿಲ್ ಸಿಕ್ಕರೆ ಕೊಳ್ಳಿ, ಬೇಸಿಗೆಯ ಕೆಲಸ ಸುಲಭವಾಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಅದೊಂದನ್ನೇ ನಂಬಬೇಡಿ.

ಇಡುವ ಜಾಗ

ಚರ್ಮದ ಚೀಲ, ಕ್ಯಾನ್ವಾಸ್ ಕವರು ಒಯ್ಯಲಿಕ್ಕೆ ಮಾತ್ರ. ಅದರೊಳಗೇ ಇಟ್ಟರೆ ತೇವ ಅಲ್ಲೇ ನಿಲ್ಲುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ನೇತುಹಾಕುವ ಹಳೆಯ ರೂಢಿಯಲ್ಲಿ ಬಿಸಿಯ ಲಾಭವಿದೆ, ಆದರೆ ಹೊಗೆಯ ಹುಳಿ ಮತ್ತು ಮಸಿ ಕಬ್ಬಿಣಕ್ಕೆ ಒಳ್ಳೆಯದಲ್ಲ. ಬೀಗ ಹಾಕುವ ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮಾ ಮಾಡಬೇಕಾಗುತ್ತದೆ. ವಾರಗಟ್ಟಲೆ ಅದು ನಿಮ್ಮ ಕೈಯಲ್ಲಿರುವುದಿಲ್ಲ, ಬೇರೆ ಕೋವಿಗಳ ಜೊತೆ ನಿಂತಿರುತ್ತದೆ, ಹಲವರು ಮುಟ್ಟುತ್ತಾರೆ. ಕೊಡುವ ಹಿಂದಿನ ದಿನ ಒಳಗೆ ಹೊರಗೆ ತೊಳೆದು, ಗ್ರೀಸಿನ ಪದರ ಮಾಮೂಲಿಗಿಂತ ದಪ್ಪವಾಗಿ ಹಚ್ಚಿ. ಎಲ್ಲೆಲ್ಲಿ ಗುರುತು, ಗೀರು ಇದೆ ಎಂದು ಫೋಟೋ ತೆಗೆದಿಡಿ. ವಾಪಸ್ ಬಂದ ದಿನವೇ ಬಿಚ್ಚಿ, ಗ್ರೀಸು ಒರೆಸಿ, ನಳಿಗೆಯೊಳಗೆ ಬೆಳಕು ಹಿಡಿದು ನೋಡಿ. ನಾಳೆ ನೋಡಿದರಾಯಿತು ಎಂದು ಬಿಟ್ಟ ಕೋವಿಗಳೇ ತುಕ್ಕು ಹಿಡಿಯುವುದು.

ಇಷ್ಟೆಲ್ಲ ಮಾಡಿದ ಮೇಲೂ ಸೇಫ್ಟಿ ತಾನಾಗಿ ಜಾರುತ್ತಿದ್ದರೆ, ಮುಚ್ಚಿದ ಕೋವಿಯ ನಳಿಗೆ ಅಲ್ಲಾಡುತ್ತಿದ್ದರೆ, ನಳಿಗೆಯಲ್ಲಿ ಬಿರುಕು, ಉಬ್ಬು ಅಥವಾ ಆಳದ ಗುಂಡಿ ಕಂಡರೆ ಅಲ್ಲಿಗೆ ಕೈ ಬಿಡಿ. ಲಾಕು ಬಿಚ್ಚುವುದು, ಅರ ಹಾಕುವುದು ಮನೆಯ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಯ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಕುಲುಮೆಯವರ ಹತ್ತಿರ, ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ನಿಮ್ಮ ಲೈಸೆನ್ಸ್ ಪುಸ್ತಕ ಜೊತೆಗಿಟ್ಟುಕೊಂಡು, ಲೈಸೆನ್ಸ್ ಇರುವ ಕೋವಿ ಅಂಗಡಿಗೇ ಕೊಟ್ಟು ರಸೀದಿ ತೆಗೆದುಕೊಳ್ಳಿ. ಯಾವ ಎಣ್ಣೆ ಎಲ್ಲಿಗೆ ಹಾಕಿದ್ದೀರಿ ಎಂಬುದನ್ನೂ ಅವರಿಗೆ ಹೇಳಿ. ಅವರ ಅರ್ಧ ಹುಡುಕಾಟ ಅಲ್ಲೇ ಉಳಿಯುತ್ತದೆ.